ರೈಟ್, ಹೋಲ್ಡಾನ್ ಮತ್ತು ಹೇರೋಹಳ್ಳಿಯ ಇಲಿ

ಈ ವರ್ಷದ ಸಂಕ್ರಾಂತಿ ಮುಗಿದ ಮೊದಲ ಭಾನುವಾರ, ಬೆಳಗ್ಗೆ ಎಂಟು ಗಂಟೆಗೆ, ವಿಜಯನಗರದಲ್ಲಿರುವ ನಮ್ಮ ಸೋದರಮಾವ ನಾಯಿ ಕಟ್ಟಿಕೊಂಡು ಇಲಿ ಹಿಡಿಯುವ ಕೆಲಸ ಆರಂಭಿಸಿದರು. ಆಗ ಅವರಿಗೆ ಅರವತ್ತಾರು ವರ್ಷ, ನಾಯಿಗೆ ಎರಡು. ಇಬ್ಬರಿಗೂ ಪೂರ್ವಾನುಭವ ಇರಲಿಲ್ಲ.

ಇಡೀ ಪಶ್ಚಿಮ ಬೆಂಗಳೂರೇ ಕಂಡರೆ ಹೆದರುತ್ತಿದ್ದ ಮನುಷ್ಯ ಒಬ್ಬನಿದ್ದರೆ ಅದು ನಮ್ಮ ಮಾವ ಎಂದರೆ ನೀವು ನಂಬಬೇಕು! ಮೀಸೆ ಇಲ್ಲ, ತೂಕ ಐವತ್ತೆರಡು ಕೆಜಿ. ಆದರೂ ಜನ ಹೆದರುತ್ತಿದ್ದರು. ಕಾರಣ ಇಷ್ಟೇ: ಮಾವ ಸಿಟಿ ಬಸ್ಸಿಗೆ ಕಂಡಕ್ಟರ್ ಆಗಿ ಸೇರಿ, ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅವರು ಹತ್ತಿದರೆ ಬಸ್ಸಿನಲ್ಲಿ ಮಾತು ನಿಲ್ಲುತ್ತಿತ್ತು. ಟಿಕೆಟ್ ಇದ್ದವರೂ ಬೆವರುತ್ತಿದ್ದರು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತರೆ, ಜನ ಯಾಕೆಂದು ತಿಳಿಯದೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಸ್ವಂತ ಮದುವೆ ಅವರು ಆಗಲಿಲ್ಲ. ಒಂದು ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಅವರನ್ನು ಗುರುತು ಹಿಡಿದರಂತೆ. ಯಾವ ಬಸ್ಸಿನಲ್ಲಿ ಕಂಡಿದ್ದರೆಂದು ಮಾವ ಹೇಳುವುದಿಲ್ಲ.

ನಾಯಿ ಬಂದದ್ದು ಕೆಂಗೇರಿ ಉಪನಗರದಿಂದ. ಮಾವನ ಪರಿಚಯದ ಕುಟುಂಬವೊಂದು ಬಾಡಿಗೆ ಮನೆ ಬದಲಿಸಿತು. ಹೊಸ ಮನೆಯ ಓನರ್ ನಾಯಿ ಬೇಡವೆಂದರು. ಗಿಡ್ಡ ಕಾಲಿನ ಬಿಳಿ ಟೆರಿಯರ್, ಒಂದು ಕಿವಿ ಮಾತ್ರ ಕಂದು. ಹೆಸರು ಪಫಿ. ಡ್ಯೂಟಿಗೆ ಈ ಹೆಸರು ಸರಿಬರದು ಎಂದು ಮಾವ ಅದನ್ನು ತಮ್ಮ ಹಳೆಯ ಚೆಕಿಂಗ್ ದಳದ ನೆನಪಿಗೆ ಸ್ಕ್ವಾಡ್ ಎಂದು ಬದಲಿಸಿದರು. ಈ ಜಾತಿಯ ನಾಯಿ ಇಲಿ ಹಿಡಿಯಲೆಂದೇ ಇರುವುದು ಎಂದು ಪಶುವೈದ್ಯರು ಬಾಯಿತಪ್ಪಿ ಹೇಳಿದರು. ಮಾವ ಅಲ್ಲೇ ಅದಕ್ಕೆ ಇಲಿಜ್ವರದ ಇಂಜೆಕ್ಷನ್ ಹಾಕಿಸಿದರು.

ತರಬೇತಿ ಹೇಗೆ? ಮಾವನಿಗೆ ಗೊತ್ತಿದ್ದದ್ದು ಒಂದೇ ವಿಧಾನ, ಬಸ್ಸಿನದು. ಬಾಲ್ಕನಿಯಲ್ಲಿ ಹಳೆಯ ಕಾಲುಚೀಲ ಎಳೆದಾಡುತ್ತಾ ‘ರೈಟ್’ ಎಂದರೆ ನುಗ್ಗಬೇಕು, ‘ಹೋಲ್ಡಾನ್’ ಎಂದರೆ ನಿಲ್ಲಬೇಕು. ಎರಡು ಸೀಟಿಗೆ ಹೊರಡುವುದು, ಒಂದು ಸೀಟಿಗೆ ನಿಲ್ಲುವುದು. ಮೂರು ವಾರಕ್ಕೆ ನಾಯಿ ಡ್ರೈವರಿಗಿಂತ ಚೆನ್ನಾಗಿ ಕಲಿಯಿತು. ದೋಷ ಗೊತ್ತಾದದ್ದು ಮಾರ್ಕೆಟ್ ರಸ್ತೆಯಲ್ಲಿ. ಪಕ್ಕದಲ್ಲಿ ಬಸ್ಸು ನಿಂತಿತು, ಕಂಡಕ್ಟರ್ ‘ರೈಟ್, ರೈಟ್’ ಎಂದ. ಸ್ಕ್ವಾಡ್ ಹಗ್ಗ ಕಿತ್ತುಕೊಂಡು ಸೊಪ್ಪಿನ ಅಂಗಡಿಗೆ ನುಗ್ಗಿತು. ಮಾವ ‘ಹೋಲ್ಡಾನ್’ ಎಂದು ಕೂಗಿದರು. ನಾಯಿ ನಿಂತಿತು. ಬಸ್ಸೂ ನಿಂತಿತು!

ಮೊದಲ ಕರೆ ಹಿಂದಿನ ಕ್ರಾಸ್‌ನ ಟೀಚರಮ್ಮನಿಂದ ಬಂತು. ಅವರ ಷರತ್ತು: ಸಂಕಷ್ಟಿಯ ದಿನ ಬೇಡ, ಇಲಿ ಗಣೇಶನ ವಾಹನ, ಮಾರನೇ ದಿನ ಬನ್ನಿ. ಮಾವನ ಷರತ್ತು: ವಿಷ ಇಟ್ಟ ಮನೆಗೆ ನಾಯಿ ಬರುವುದಿಲ್ಲ. ಸಂಪಿನ ಪಕ್ಕದ ಬಿಲಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿ, ಒಂದನ್ನು ಬಿಟ್ಟು, ಅದರ ಎದುರು ಸ್ಕ್ವಾಡ್ ಅನ್ನು ನಿಲ್ಲಿಸಿದರು. ಹೊರಬಂದದ್ದು ಇಲಿಯಲ್ಲ, ಹೆಗ್ಗಣ. ನಾಯಿ ಓಡಿಬಂದು ಮಾವನ ಹೆಗಲೇರಿತು. ಟೀಚರಮ್ಮ ನಕ್ಕು ನಕ್ಕು ಒಳಗೆ ಕರೆದು ಕಾಫಿ ಕೊಟ್ಟರು.

ಆ ಸಂಜೆ ಮಾವ ನನಗೆ ಫೋನ್ ಮಾಡಿದರು. ಸೋಲಿನ ವರದಿ ಎಂದುಕೊಂಡೆ. ಅಲ್ಲ. “ಅಷ್ಟ್ ವರ್ಷ ಬಸ್ ಹತ್ತಿದೀನಿ, ಒಬ್ರೂ ‘ಬನ್ನಿ’ ಅಂದಿಲ್ಲ ಕಣೋ. ಇವತ್ತು ಗೇಟ್ ತೆಗ್ದು ಕಾಯ್ತಾ ಇದ್ರು.”

ಏಪ್ರಿಲ್ ಹೊತ್ತಿಗೆ ಸ್ಕ್ವಾಡ್ ನುರಿತಿತ್ತು. ಹಿಡಿದು ಒಮ್ಮೆ ಕೊಡವಿದರೆ ಮುಗಿಯಿತು. ಮೇ ತಿಂಗಳಿಗೆ ಸುತ್ತಲಿನ ನಾಲ್ಕು ಕ್ರಾಸ್‌ಗಳಲ್ಲಿ ಇಲಿ ಉಳಿಯಲಿಲ್ಲ. ಇಲಿ ಇಲ್ಲದ ಮೇಲೆ ಇನ್ಸ್‌ಪೆಕ್ಟರನ್ನು ಯಾರು ಕರೆಯುತ್ತಾರೆ? ಮಾವ ‘ಮರುತಪಾಸಣೆ’ ಎಂದು ತಾವಾಗಿ ಹೋಗಿ ನೋಡಿದರು. ಮನೆಯವರು ಗೇಟಿನ ಆಚೆಯಿಂದಲೇ, ಇಲ್ಲ ಸಾರ್, ಎಲ್ಲಾ ಕ್ಲೀನ್ ಎಂದರು. ಟೀಚರಮ್ಮ ಬೇಸಿಗೆ ರಜೆಗೆ ತಂಗಿಯ ಮನೆಗೆ ಹೋಗಿದ್ದರು. ಆ ತಿಂಗಳು ನಾನು ಎರಡು ಸಲ ಹೋದಾಗಲೂ ಮಾವ ಬಾಲ್ಕನಿಯಲ್ಲೇ ಕೂತಿದ್ದರು. ಕಾಲುಚೀಲ ನೆಲದ ಮೇಲಿತ್ತು. ನಾಯಿ ಅದನ್ನೂ, ಮಾವ ರಸ್ತೆಯನ್ನೂ ನೋಡುತ್ತಿದ್ದರು. ಕೆಳಗೆ ಯಾರದೋ ಗೇಟು ಸದ್ದಾದರೆ ಇಬ್ಬರೂ ತಲೆ ಎತ್ತುತ್ತಿದ್ದರು.

ಜೂನ್‌ನಲ್ಲಿ ಹೇರೋಹಳ್ಳಿಯಿಂದ ಕರೆ ಬಂತು. ಕರೆದವರು ಒಬ್ಬ ನಿವೃತ್ತ ಕಂಡಕ್ಟರ್. ಹಿಂದೊಮ್ಮೆ ಮಾವ ಬರೆದ ರಿಪೋರ್ಟ್‌ನಿಂದ ಮೂರು ತಿಂಗಳು ಸಸ್ಪೆಂಡ್ ಆಗಿದ್ದವರು! ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅಡುಗೆಮನೆಯಲ್ಲಿ ಒಂದೇ ಒಂದು ಇಲಿ. ಅದು ಒಂದು ಭಾನುವಾರ ಸಿಗಲಿಲ್ಲ, ಎರಡನೇ ಭಾನುವಾರವೂ ಇಲ್ಲ, ಎಂಟನೆಯದಕ್ಕೂ ಇಲ್ಲ. ನಾಲ್ಕು ಕ್ರಾಸ್ ಖಾಲಿ ಮಾಡಿದ ನಾಯಿಗೆ ಒಂದು ಇಲಿ ಸಿಗದೆಂದರೆ ಏನರ್ಥ? ಒಂಬತ್ತನೇ ಭಾನುವಾರ ನಾನೂ ಜೊತೆಗೆ ಹೋದೆ.

ರಸ್ತೆ ಅಗೆದಿದ್ದರು, ಬಸ್‌ಸ್ಟಾಪಿನಿಂದ ನಡೆಯುವಾಗ ಮಾವ ನಾಯಿಯನ್ನು ಎತ್ತಿಕೊಂಡರು. ಮನೆಯ ಗೇಟು ತೆರೆದಿತ್ತು, ಕಂಡಕ್ಟರ್ ಹೊರಗೇ ನಿಂತಿದ್ದರು. ಕೂತ ಕೂಡಲೇ ಅವರು ಶುರು ಮಾಡಿದರು.

“ನನ್ ಮೇಲೆ ರಿಪೋರ್ಟ್ ಬರ್ದು ಮನೇಲಿ ಕೂರ್ಸಿದ್ರಿ. ಒಂದ್ ಇಲಿ ಹಿಡಿಯಕ್ಕಾಗಲ್ವಾ ಸಾರ್ ನಿಮ್ಗೆ?”

“ನೀವೇ ವಾಸಿ ಕಣ್ರಿ. ನಿಂತ್ಕೊಂಡಾದ್ರೂ ಸಿಕ್ಕಿಬಿದ್ರಿ. ಇದು ಓಡುತ್ತೆ.”

ಇಡ್ಲಿ ಮುಗಿಸಿ ತಪಾಸಣೆಗೆ ಎದ್ದರು. ಕಂಡಕ್ಟರ್ ಕಾಫಿ ಬೆರೆಸಲು ಒಲೆಯ ಕಡೆ ತಿರುಗಿದ್ದರು. ಅಕ್ಕಿ ಡ್ರಮ್ಮಿನ ಹಿಂದಿನಿಂದ ಇಲಿ ಹೊರಬಂದು, ನೆಲದ ನಡುವೆ ಕೂತಿತು. ಸ್ಕ್ವಾಡ್‌ಗೂ ಅದಕ್ಕೂ ಒಂದು ಮೊಳ ದೂರ. ನಾಯಿಯ ಮೈಯೆಲ್ಲ ನಡುಗುತ್ತಿತ್ತು. ‘ರೈಟ್’ಗಾಗಿ ಮಾವನ ಮುಖ ನೋಡಿತು.

ಮಾವ ತುಟಿಯಲ್ಲೇ, “ಹೋಲ್ಡಾನ್” ಎಂದರು.

ಇಲಿ ನಡೆದುಕೊಂಡೇ ಹೋಗಿ ಸಿಲಿಂಡರಿನ ಹಿಂದೆ ಸೇರಿತು. “ಛೆ, ತಪ್ಪಿಸ್ಕೊಳ್ತು,” ಎಂದು ಮಾವ ಗಟ್ಟಿಯಾಗಿ ಹೇಳಿದರು. ಕಂಡಕ್ಟರ್ ತಿರುಗದೆಯೇ, ಹಾಗಾದರೆ ಮುಂದಿನ ಭಾನುವಾರ ಬರಲೇಬೇಕಲ್ಲ ಎಂದರು. ಮಾವ ಕೈ ತೊಳೆಯಲು ಹಿತ್ತಲಿಗೆ ಹೋದರು. ಆಗ ಕಂಡಕ್ಟರ್ ಡಬ್ಬಿಯಿಂದ ಒಂದು ಚೂರು ಒಣಕೊಬ್ಬರಿ ತೆಗೆದು ಡ್ರಮ್ಮಿನ ಹಿಂದೆ ಇಟ್ಟರು. ಎದ್ದು ನಿಂತು ನನ್ನನ್ನು ನೋಡಿದರು. ನಾನೂ ನೋಡಿದೆ.

“ಸಕ್ಕರೆ ಸಾಕಾ ನಿಮ್ಗೆ?” ಎಂದು ಕೇಳಿದರು.

ಬಸ್‌ಸ್ಟಾಪಿನಲ್ಲಿ ಮಾವ ನಾಯಿಯ ಕಿವಿ ಸವರಿದರು. ಆಮೇಲೆ, “ನೀನ್ ನೋಡಿದ್ದು ಅವ್ರಿಗೆ ಹೇಳ್ಬೇಡ ಕಣೋ,” ಎಂದರು. ಹೇಳುವುದಿಲ್ಲ ಎಂದೆ. ಕೊಬ್ಬರಿಯ ವಿಷಯ ಮಾವನಿಗೂ ಹೇಳಲಿಲ್ಲ.

ಕಳೆದ ಭಾನುವಾರ ಹೇರೋಹಳ್ಳಿಯ ಆ ಮನೆಯಲ್ಲಿ ಹದಿನಾಲ್ಕನೇ ತಪಾಸಣೆ ನಡೆಯಿತು. ಮಾವ ಬೆಳಗ್ಗೆ ಒಂಬತ್ತಕ್ಕೆ ಹೋದವರು ಊಟ ಮುಗಿಸಿ ಸಂಜೆ ನಾಲ್ಕರ ಬಸ್ಸಿಗೆ ಮರಳಿದರು. ಇಲಿ ಸಿಗಲಿಲ್ಲ.