ಮುರಿದ ಸಾಖರಪುಡಾಕ್ಕೆ ಒಬ್ಬ ಸಾಕ್ಷಿ

ಸರಕಾರದ ಕಣ್ಣಿನಲ್ಲಿ ಮನುಷ್ಯನ ಬದುಕಿಗೆ ಎಷ್ಟೊಂದು ಬಗೆಗಳಿವೆ ಎಂಬುದು ನನಗೆ ನಿವೃತ್ತನಾದ ಮೇಲೆಯೇ ತಿಳಿದದ್ದು. ಗಂಡ ತೀರಿಕೊಂಡವರಿಗೆ ಒಂದು ಅರ್ಜಿ, ಕಣ್ಣು ಕಾಣದವರಿಗೆ ಒಂದು, ಮದುವೆಯಾಗದೆ ನಲವತ್ತು ದಾಟಿದ ಹೆಣ್ಣುಮಕ್ಕಳಿಗೆ ಇನ್ನೊಂದು. ಅರವತ್ತು ತುಂಬಿದ ಕೂಡಲೇ ನನಗೂ ಆದಾಯ ತೆರಿಗೆಯಲ್ಲಿ ತುಸು ರಿಯಾಯಿತಿ ಸಿಕ್ಕಿತು. ಅದಕ್ಕಾಗಿ ನಾನು ಮಾಡಿದ ಸಾಧನೆಯೆಂದರೆ ಸಾಯದೆ ಉಳಿದದ್ದು. ಚಿಕ್ಕೋಡಿಯ ಕೋರ್ಟಿನ ನಕಲು ವಿಭಾಗದಲ್ಲಿ ನೌಕರಿ ಮುಗಿಸಿದ ನನಗೆ ಕಾಗದಪತ್ರವೆಂದರೆ ಭಯವಿಲ್ಲ. ಆದರೂ ಈಚೆಗೆ ಒಂದು ಅರ್ಜಿ ನನ್ನನ್ನು ಪೇಚಿಗೆ ಸಿಕ್ಕಿಸಿತು. ಅರ್ಜಿ ನನ್ನದೂ ಅಲ್ಲ.

ಶೇಡಬಾಳದ ಪದ್ಮಾವತಿಬಾಯಿ ಮದುವೆಯಾಗದವರ ಪಿಂಚಣಿ ಕೇಳಿದ್ದರು. ಹೊಲಿಗೆ ಯಂತ್ರದ ಮುಂದೆ ಆಯುಷ್ಯ ಕಳೆದವರು. ಬೆನ್ನು ಕೈಕೊಟ್ಟ ಮೇಲೆ ಯಂತ್ರಕ್ಕೆ ಅರಿವೆ ಹೊದಿಸಿದ್ದರು. ಇನ್ನು ಆ ಪಿಂಚಣಿಯೇ ಗತಿ. ಅಷ್ಟರಲ್ಲಿ ಓಣಿಯವರು ಯಾರೋ ಊರಿನ ಲೆಕ್ಕಪತ್ರ ನೋಡುವ ತಲಾಟಿಯ ಕಿವಿಯಲ್ಲಿ, "ಆಕಿ ಸಾಖರಪುಡಾ ಆಗಿತ್ರಿ. ಲಗ್ನಾನೂ ಗಡಿ ಆಚೆ ಎಲ್ಲೋ ಆಗಿರಬೇಕು" ಎಂದು ಊದಿದ್ದರು. ಸಾಖರಪುಡಾ ಎಂದರೆ ಸಕ್ಕರೆ ಪೊಟ್ಟಣ ಕೊಟ್ಟು ಮಾಡುವ ನಮ್ಮ ಕಡೆಯ ನಿಶ್ಚಿತಾರ್ಥ. ಅದು ಆಗಿದ್ದು ನಿಜ. ಮೂವತ್ತೈದು ವರ್ಷದ ಹಿಂದೆ ಆ ಸಕ್ಕರೆ ತಿಂದ ವರ ನಾನೇ.

"ಪದ್ಮಕ್ಕನ ಫೋನ್ ಬಂದಿತ್ರಿ," ಎಂದಳು ನನ್ನ ಹೆಂಡತಿ. "ಲಗ್ನ ಆಗಿಲ್ಲ ಅಂತ ಸಾಕ್ಷಿ ಹೇಳಾಕ ನೀವು ಬೇಕಂತ. ನಾನೂ ಬರ್ತೀನಿ, ನಡೀರಿ."

ಅವಳ ಕೊನೆಯ ಮಾತೇ ನನಗೆ ತೊಡಕಾಯಿತು. ಜಾತಕ ಕೂಡಿಬರಲಿಲ್ಲ, ಅದಕ್ಕೇ ನಾನೇ ಬೇಡವೆಂದೆ ಎಂದು ಮದುವೆಯಾದಂದಿನಿಂದ ಅವಳಿಗೆ ಹೇಳಿಕೊಂಡು ಬಂದಿದ್ದೆ. ಹಾಗೆ ಹೇಳುವಾಗ ಸ್ವಲ್ಪ ಎದೆಯುಬ್ಬಿಸುತ್ತಲೂ ಇದ್ದೆ.

ಚಾವಡಿಯಲ್ಲಿ ತಲಾಟಿ ನೇರವಾಗಿ ಕೇಳಿದ: "ಮುರದವರು ಯಾರ್ರಿ ಸರ್? ನೀವೋ, ಇವರೋ? 'ನಾನ ಬ್ಯಾಡ ಅಂದೆ' ಅಂತ ಬಾಯಾರು ಬರಸ್ಯಾರ. ನಿಮ್ಮ ಮಾತು ಅದಕ್ಕ ತಾಳೆ ಆಗಲಿಲ್ಲಂದ್ರ ಅರ್ಜಿ ವಾಪಸ್."

ಒಂದು ಕಡೆ ನನ್ನ ಮರ್ಯಾದೆ, ಇನ್ನೊಂದು ಕಡೆ ಅವರ ಪಿಂಚಣಿ. ಎದುರಿಗೆ ಪದ್ಮಾವತಿಬಾಯಿ, ಪಕ್ಕದಲ್ಲಿ ಹೆಂಡತಿ. ನೀರು ಕೇಳಿದೆ, ಕುಡಿದೆ, ಲೋಟ ಕೆಳಗಿಟ್ಟೆ. "ಅವರೇ ಬ್ಯಾಡ ಅಂದ್ರು," ಎಂದೆ.

ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಅವಳೇ ಬಾಯಿಬಿಟ್ಟಳು: "ಖರೇ ಐತ್ರಿ, ಬರಕೊಳ್ರಿ. ಲಗ್ನಾದ ವಾರದಾಗ ನಮ್ಮ ಅತ್ತಿ ಹೇಳಿದ್ರು."

ಮೂವತ್ತು ಚಿಲ್ಲರೆ ವರ್ಷ ನನ್ನ ಉಬ್ಬಿದ ಎದೆಯನ್ನು ಅವಳು ಸುಮ್ಮನೆ ನೋಡಿಕೊಂಡು ಬಂದಿದ್ದಳು.

ತಲಾಟಿಗೆ ರುಚಿ ಹತ್ತಿತು. "ಯಾಕ ಬ್ಯಾಡ ಅಂದ್ರಿ ಬಾಯಾರ?"

"ಮನಷ್ಯಾ ಚಲೋ ಅದಾರ್ರಿ," ಎಂದರು ಪದ್ಮಾವತಿಬಾಯಿ. "ಲಗ್ನದ ತಾರೀಖು ಹೇಳಪಾ ಅಂತ ನಮ್ಮಪ್ಪ ಕೇಳಿದ್ದ. ವಿಚಾರ ಮಾಡಿ ಹೇಳ್ತೀನಿ ಅಂತ ಹೋದವರು ಏಳು ತಿಂಗಳು ಮಾಡಿದ್ರು. ಇವರು ಹೂಂ ಅನ್ನೂದ್ರಾಗ ನನ್ನ ಕೂದಲಾ ಬೆಳ್ಳಗಾಗತಿದ್ದು."

ಓದುಗರು ಚಿಂತಿಸಬೇಕಿಲ್ಲ. ಪಿಂಚಣಿ ಈಗ ಮಂಜೂರಾಗಿದೆ, ಕಾಗದದಲ್ಲಿ ನನ್ನ ಸಹಿಯೂ ಇದೆ. ಆದರೆ ಅಂದು ತಲಾಟಿ ಪಂಚನಾಮೆಯನ್ನು ನನ್ನ ಮುಂದೆ ಸರಿಸಿದಾಗ ಅದರಲ್ಲಿ 'ಏಳು ತಿಂಗಳು' ಎಂದಿತ್ತು. ನನ್ನ ನೆನಪಿನಂತೆ ಅದು ಆರು ತಿಂಗಳು ಹನ್ನೊಂದು ದಿನ. ಇಂಥ ಕಡೆ ಅವಸರ ಸಲ್ಲದು.

"ಸ್ವಲ್ಪ ತಡೀರಿ. ಮೊದಲಿಂದ ಇನ್ನೊಮ್ಮೆ ಓದ್ತೀನಿ," ಎಂದೆ.

ಪದ್ಮಾವತಿಬಾಯಿ ನನ್ನ ಹೆಂಡತಿಯ ಕೈ ಹಿಡಿದು ಎದ್ದರು. "ವೈನಿ, ಬರ್ರಿ, ಚಾ ಕುಡದ ಬರೂಣು."

ಅವರಿಬ್ಬರೂ ಚಹಾ ಕುಡಿದು, ಬಸದಿಗೂ ಹೋಗಿ ಕೈಮುಗಿದು ಬಂದಾಗ ನಾನು ಎರಡನೆಯ ಪುಟದಲ್ಲಿದ್ದೆ.