ಹಿಡದೇನ್ರಿ!

ನಮ್ಮ ಕಾಕಾ ಉತ್ತರ ಕೊಡಬೇಕೆಂದರೆ ಅವರನ್ನೇ ಮಾತಾಡಿಸಬೇಕೆಂದೇನೂ ಇಲ್ಲ! ಟಿ.ವಿ.ಯಲ್ಲಿ ವಾರ್ತೆ ಓದುವಾಕೆ ನಮಸ್ಕಾರ ಎಂದರೆ "ನಮಸ್ಕಾರ್ರಿ ಬಾಯಾರ" ಎನ್ನುತ್ತಾರೆ. ಫೋನಿನೊಳಗಿನ ಧ್ವನಿ ದಯವಿಟ್ಟು ಕಾಯಿರಿ ಎಂದರೆ, "ಅಡ್ಡಿ ಇಲ್ರಿ, ಸಾವಕಾಶ ಆಗ್ಲಿ!"

"ಅದು ರೆಕಾರ್ಡ್ ಮಾಡಿದ್ದು, ಕಾಕಾ" ಎಂದೆ ಒಮ್ಮೆ.

"ಇರ್ಲಿ ಬಿಡವ್ವಾ. ಅಷ್ಟು ಮರ್ಯಾದಿಲೆ ಹೇಳ್ತಾಳ, ಸುಮ್ನ ಹೆಂಗ ಕುಂಡ್ರೂದು? ನಿನ್ನಂಗ?"

ಹೋದ ತಿಂಗಳು ಗೋಕುಲ ರಸ್ತೆಯ ತಮ್ಮ ಗ್ಯಾರೇಜಿನಲ್ಲೇ ಕಾಕಾಗೆ ಹೃದಯಾಘಾತವಾಯಿತು. ಹೃದಯದ ಎಷ್ಟು ಭಾಗ ಇನ್ನೂ ಜೀವಂತವಿದೆ ಎಂದು ಎಂ.ಆರ್.ಐ.ಯಲ್ಲಿ ನೋಡಿಯೇ ಆಪರೇಷನ್ನಿನ ಮಾತು ಎಂದರು ಡಾಕ್ಟರು. ಕಾಕಾ ಯಂತ್ರದ ಸುರಂಗದೊಳಗೆ. ನಾನು ಗಾಜಿನ ಈಚೆ, ಟೆಕ್ನಿಷಿಯನ್ನರ ಪಕ್ಕ.

"ಉಸಿರು ಹಿಡೀರಿ" ಎಂದರು ಅವರು ಮೈಕಿನಲ್ಲಿ.

"ಹಿಡದೇನ್ರಿ!"

ಚಿತ್ರ ಮಸುಕು.

"ಮಾತಾಡಬ್ಯಾಡ್ರಿ ಕಾಕಾರ. ಉಸಿರಷ್ಟ ಹಿಡೀರಿ."

"ಇಲ್ರಿ, ಮಾತಾಡಂಗಿಲ್ರಿ. ಹಿಡದೇನ್ರಿ!"

ಮತ್ತೆ ಮಸುಕು. ಹಿಡಿದೆ ಎಂದು ಹೇಳಲು ಬಿಟ್ಟ ಉಸಿರು, ಹಿಡಿದದ್ದೋ ಬಿಟ್ಟದ್ದೋ? ಭೌತಶಾಸ್ತ್ರ ಓದಿದ ನನಗೂ ತಿಳಿಯಲಿಲ್ಲ!

ಟೆಕ್ನಿಷಿಯನ್ ತಲೆ ಹಿಡಿದುಕೊಂಡರು. "ಬ್ಯಾರೆ ದಾರಿ ಅದ. ಆರಾಮ ಉಸಿರಾಡ್ಲಿ. ಎದಿ-ಹೊಟ್ಟಿ ನಡುವಿನ ಪೊರಿ ಉಸಿರಿನ ಕೂಡ ಏರಿಳೀತದ, ಅದರ ಮ್ಯಾಲಿನ ಹೃದಯಾನೂ ಸರೀತದ. ಪೊರಿ ಪ್ರತಿ ಸಲ ಅದೇ ಒಂದು ಜಾಗಕ್ಕ ಬಂದಾಗಷ್ಟ ಮಷಿನ್ ಫೋಟೊ ಹೊಡೀತದ. ಹೊತ್ತು ಹಿಡೀತದ, ಮಾತು ಮಾತ್ರ ಇರಬಾರ್ದು."

"ಹಂಗಾದ್ರ ನೀವು ಅವರಿಗೆ ಏನೂ ಹೇಳಬ್ಯಾಡ್ರಿ" ಎಂದೆ. ನಾನು ಕೊಟ್ಟ ಮೊದಲ ವೈದ್ಯಕೀಯ ಸಲಹೆ!

ಮೈಕು ಬಂದ್ ಆಯಿತು. ಪರದೆಯ ಮೇಲೆ ಕಾಕಾನ ಉಸಿರು ಒಂದು ಗೆರೆಯಾಗಿ ಕಾಣಿಸಿತು. ಆದರೆ ಗೆರೆ ಹಾರುತ್ತಿತ್ತು, ಬೀಳುತ್ತಿತ್ತು. ಒಮ್ಮೆ ಬಂದ ಜಾಗಕ್ಕೆ ಇನ್ನೊಮ್ಮೆ ಬರುತ್ತಿರಲಿಲ್ಲ. ಯಂತ್ರ ಕಾದೇ ಕಾಯಿತು. ಮಾತಾಡಿದರೂ ಚಿತ್ರವಿಲ್ಲ, ಸುಮ್ಮನಿದ್ದರೂ ಇಲ್ಲ! ಹಾಗಾದರೆ ಈ ಮನುಷ್ಯ ಏನು ಮಾಡಬೇಕು?

ಆಗ ಸ್ಪೀಕರಿನಲ್ಲಿ, ನಾನು ಎಂದೂ ಕೇಳಿರದಷ್ಟು ಸಣ್ಣ ಧ್ವನಿ ಬಂತು.

"ಅವ್ವೀ, ಅಲ್ಲೇ ಅದೀ ಏನವ್ವಾ?"

ಟೆಕ್ನಿಷಿಯನ್ ಬೇಡವೆಂದು ಕೈಯಾಡಿಸಿದರು. ಕೇಳಿದ್ದಕ್ಕೂ ಅರ್ಧ ಉತ್ತರ ಕೊಡುವ ನಾನು, ಅವರ ಕೈ ಸರಿಸಿ ಮೈಕಿನ ಗುಂಡಿ ಒತ್ತಿದೆ.

"ಅದೇನಿ, ಕಾಕಾ. ಇಲ್ಲೇ ಅದೇನಿ. ಎಲ್ಲೂ ಹೋಗಂಗಿಲ್ಲ."

ಕಾಕಾ ಉತ್ತರ ಕೊಡಲಿಲ್ಲ. ಗೆರೆ ಮೆಲ್ಲಗೆ ಏರಿತು, ಇಳಿಯಿತು, ತನ್ನ ಜಾಗಕ್ಕೆ ಬಂತು. ಮತ್ತೆ ಏರಿತು, ಮತ್ತೆ ಅದೇ ಜಾಗಕ್ಕೆ ಬಂತು. ಯಂತ್ರ ಚಿತ್ರ ತೆಗೆಯತೊಡಗಿತು.