ಮೊಬೈಲಿಗೆ ಹೇಳಿಕೆ

ಕಾರ್ಕಳ ಬಸ್‌ಸ್ಟ್ಯಾಂಡಿನ ಹಿಂದುಗಡೆ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ತಾರಾನಾಥ ಆ ಸಂಜೆ ಮಣಿಪಾಲದಿಂದ ಮನೆಗೆ ಮರಳಿದ್ದು ಬರೇ ಗಂಡನಾಗಿ ಅಲ್ಲ, ಯುಗಪುರುಷನಾಗಿ. ಅಲ್ಲಿಯ ಹೋಟೆಲೊಂದರಲ್ಲಿ ವ್ಯಾಪಾರಸ್ಥರಿಗೆಂದು ಕರೆದ ಸಭೆಯಲ್ಲಿ ಟೈ ಕಟ್ಟಿದವನೊಬ್ಬ ಪರದೆಯ ಮೇಲೆ ಒಂದು ಗೆರೆ ತೋರಿಸಿದ್ದ. ಎನ್‌ಎಫ್‌ಸಿ ಎಂಬ ಹೊಸ ದೇವರ ಗೆರೆ. ಒಂದು ಪುಟ್ಟ ಚಿಪ್ಪು; ಅದರ ಹತ್ತಿರ ಫೋನು ಹಿಡಿದರೆ ಸಾಕು, ಬೀಗ ತೆರೆಯುತ್ತದೆ, ಹಣ ಪಾವತಿಯಾಗುತ್ತದೆ, ವಿಡಿಯೊ ಓಡುತ್ತದೆ. ಇದರ ಮಾರುಕಟ್ಟೆ ಮುಂದಿನ ವರ್ಷಗಳಲ್ಲಿ ಹೇಗೆ ಏರುತ್ತದೆ ಎಂಬ ಆ ಗೆರೆ ನಮ್ಮ ಗೊಮ್ಮಟಬೆಟ್ಟದ ಮೆಟ್ಟಿಲುಗಳ ಹಾಗೆ ನೆಟ್ಟಗೆ ಮೇಲಕ್ಕೆ ಹೋಗಿತ್ತು. ಗೆರೆ ಎಳೆದವನಿಗೇನು, ಹತ್ತುವವನು ಅವನಲ್ಲವಲ್ಲ!

"ಜಲಜಾ," ಎಂದ ತಾರಾನಾಥ, ಅಡುಗೆಕೋಣೆಯ ಬಾಗಿಲಲ್ಲಿ ನಿಂತು. "ನಮ್ಮ ಯಶ್ಮಿತಾಳ ಮದುವೆಯ ಕಾರ್ಡು ನೋಡಿ ಇಡೀ ತಾಲೂಕು ಮೂಗಿನ ಮೇಲೆ ಬೆರಳಿಡಬೇಕು. ಹಾಗೆ ಮಾಡಿಸುತ್ತೇನೆ."

ಅವನ ಹೆಂಡತಿ ಜಲಜಾಕ್ಷಿ ಬಂಗುಡೆ ಮೀನಿನ ರೆಕ್ಕೆ ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಊಟ ಸರಿ ಇದ್ದರೆ ಸಾಕು. ಕಾರ್ಡನ್ನು ಯಾರೂ ತಿನ್ನುವುದಿಲ್ಲ."

"ನೀನು ಹಿಂದೆ ಉಳಿದೆ. ಕಾರ್ಡಿನಲ್ಲಿ ಇನ್ನು ಅಕ್ಷರವೇ ಇಲ್ಲ. ಫೋನು ಮುಟ್ಟಿಸಿದರೆ ಯಶ್ಮಿತಾಳೇ ಬಂದು ಮಾತಾಡ್ತಾಳೆ."

"ಅದಕ್ಕೆ ಆ ಚೌಕಚೌಕದ್ದು ಉಂಟಲ್ಲ, ಕ್ಯೂಆರ್? ತರಕಾರಿಯ ಸೆಲೀನ್‌ಬಾಯಿಯ ಬುಟ್ಟಿಯಲ್ಲಿಯೂ ಉಂಟು. ಯಾವ ಫೋನಿಗೂ ಆಗ್ತದೆ."

"ಅದೇ ತೊಂದರೆ. ಎಲ್ಲರಿಗೂ ಆಗುವುದನ್ನು ಮಾಡಿದರೆ ನಮ್ಮದು ಎಂತ ವಿಶೇಷ?"

ಈ ಒಂದು ಮಾತಿನಲ್ಲಿ ನಮ್ಮ ಕಾಲದ ಅರ್ಧ ಅರ್ಥಶಾಸ್ತ್ರ ಅಡಗಿದೆ. ಊರಿನ ಹೆಚ್ಚಿನವರ ಫೋನಿನಲ್ಲಿ ಎನ್‌ಎಫ್‌ಸಿ ಇಲ್ಲ ಎನ್ನುವುದು ಫೋನು ಮಾರುವ ತಾರಾನಾಥನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಇಲ್ಲದವರಿಗೆಲ್ಲ ಹೊಟ್ಟೆಕಿಚ್ಚಾಗಿ ಹೊಸ ಫೋನು ಕೊಳ್ಳುತ್ತಾರೆ, ಕೊಳ್ಳಲು ತನ್ನ ಅಂಗಡಿಗೇ ಬರುತ್ತಾರೆ ಎಂಬುದು ಅವನ ಒಳಲೆಕ್ಕ. ಅದಕ್ಕೇ ಕಾರ್ಡಿನ ಮುಂದೆ "ಇಲ್ಲಿ ಮುಟ್ಟಿಸಿ" ಎಂದಿದ್ದರೆ, ಹಿಂದೆ ಅವನ ಅಂಗಡಿಯ ಹೆಸರು, ಅದರ ಕೆಳಗೆ "ಇಂಥ ಕಾರ್ಡುಗಳಿಗೆ ಸಂಪರ್ಕಿಸಿ" ಎಂದು ಹೊಳೆಯುವ ಅಕ್ಷರ. ಮದುಮಗಳ ಹೆಸರಿಗೆ ಜಾಗ ಸಾಕಾಗಲಿಲ್ಲವಂತೆ! ಹೆತ್ತ ಮಗಳ ಮದುವೆಯನ್ನು ಅಂಗಡಿಯ ಬೋರ್ಡು ಮಾಡಿಕೊಳ್ಳುವವರ ಮೇಲೆ ನನಗೆ ಕೋಪ ಬರುತ್ತದೆ. ತಾರಾನಾಥನ ಮೇಲೆ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಪೂರ್ತಿ ಬರುವುದಿಲ್ಲ. ಆ ವಿಡಿಯೊ ತೆಗೆಯುವಾಗ ಮಗಳು "ಅಪ್ಪ ಅಮ್ಮನ ಪರವಾಗಿ" ಎಂದದ್ದೇ ತಡ, ಅವನು ಕ್ಯಾಮೆರಾ ಬಿಟ್ಟು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದ.

"ಏನು ಬೇಕಾದರೂ ಮಾಡಿ," ಎಂದಳು ಜಲಜಾಕ್ಷಿ ಕಡೆಗೆ. "ಕಾಪುವಿನ ಅಣ್ಣನಿಗೆ ಮಾತ್ರ ಬಾಯಿ ತುಂಬ ಹೇಳಬೇಕು. ಸೋದರಮಾವ ಕೈ ಹಿಡಿಯದೆ ಹುಡುಗಿ ಮಂಟಪಕ್ಕೆ ಬರುವ ಕ್ರಮ ನಮ್ಮಲ್ಲಿ ಇಲ್ಲ. ಅವನು ಬರಲಿಲ್ಲ ಅಂತಾದರೆ ನಾನು ಆ ಮದುವೆ ಹಾಲಿನಲ್ಲಿ ಮುಖ ಎತ್ತಿ ನಿಲ್ಲುವುದಿಲ್ಲ."

ಕಾಪುವಿನ ಅಣ್ಣ ಎಂದರೆ ಸುಂದರ. ಮಸ್ಕತ್ತಿನಲ್ಲಿ ಬಹುಕಾಲ ಕ್ರೇನು ನಡೆಸಿ ಊರಿಗೆ ಬಂದವನು. ಟನ್‌ಗಟ್ಟಲೆ ಕಬ್ಬಿಣ ಎತ್ತಿದ ಮನುಷ್ಯನಿಗೆ ಒಂದು ಸಣ್ಣ ಮಾತಿನ ಭಾರ ಮಾತ್ರ ತಡೆಯುವುದಿಲ್ಲ. ಹಿಂದೊಮ್ಮೆ ಯಾರೋ ಗೃಹಪ್ರವೇಶಕ್ಕೆ ಕಾರಿನ ಗಾಜು ಇಳಿಸಿ ಹೇಳಿದರು ಎಂದು ಹೋಗಿರಲಿಲ್ಲ. ಆ ಮನೆಯ ಎದುರಿನ ರಸ್ತೆಯಲ್ಲಿ ಇವತ್ತಿಗೂ ನಡೆಯುವುದಿಲ್ಲ. ಅವನೊಬ್ಬನೇ ಹೀಗೆ ಎಂದಲ್ಲ. ನಮ್ಮ ಕಡೆ ಕಾರ್ಡು ಎಂದರೆ ಬರೇ ರಟ್ಟು. ಮನೆಗೆ ಹೋಗಿ, ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆಯ ಜೊತೆ ಕಾರ್ಡನ್ನಿಟ್ಟು, ಯಜಮಾನ ತನ್ನ ಬಾಯಿಯಿಂದ "ಮದುವೆ ಉಂಟು, ಎಲ್ಲರೂ ಮುಂಚಿನ ದಿನವೇ ಬಂದು ಚಂದಗಾಣಿಸಿಕೊಡಬೇಕು" ಎನ್ನಬೇಕು. ಅದು ಹೇಳಿಕೆ. ಹೇಳಿಕೆ ಆಗದೆ ಹೋದವನು ಊಟಕ್ಕೆ ನುಗ್ಗಿದವನು; ಹೇಳಿಕೆ ಆಗಿಯೂ ಹೋಗದವನು ವೈರಿ.

ಅಜೆಕಾರು, ಅಲೆವೂರಿನ ಮನೆಗಳನ್ನೆಲ್ಲ ಮುಗಿಸಿ ಗಂಡಹೆಂಡತಿ ಕಾಪುವಿಗೆ ಬಂದಾಗ ಸುಂದರ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಜಗಲಿಯಲ್ಲೇ ಕುಳಿತಿದ್ದ. ಹೇಳಿಕೆ ಸ್ವೀಕರಿಸಲು ತಯಾರಾಗಿ ಕುಳಿತ ಭಂಗಿ.

"ಬಾ ಭಾವ, ಕುಳಿತುಕೋ."

ತಾರಾನಾಥ ಹರಿವಾಣ ಮುಂದಿಟ್ಟ. ಗಂಟಲು ಸರಿಮಾಡಿಕೊಂಡ. ಸುಂದರನೂ ಸ್ವಲ್ಪ ನೆಟ್ಟಗಾದ.

"ಭಾವ, ಫೋನು ತೆಗಿ," ಎಂದ ತಾರಾನಾಥ.

ಸುಂದರನ ಫೋನು ಮಸ್ಕತ್ತಿನಿಂದ ಬರುವಾಗ ತಂದ ದುಬಾರಿ ಮಾಲು. ಅದರಲ್ಲಿ ಎನ್‌ಎಫ್‌ಸಿ ಇದ್ದೇ ಇದೆ ಎಂದು ತಾರಾನಾಥನಿಗೆ ಗೊತ್ತು. ಈ ಸುತ್ತಿನಲ್ಲೇ ಮೊದಲ ಬಾರಿಗೆ ಸಿಕ್ಕಿದ ಯೋಗ್ಯ ಫೋನು! ಅಲ್ಲಿಯವರೆಗೆ ಸಿಕ್ಕಿದ್ದೆಲ್ಲ ಗುಂಡಿಯೊತ್ತುವ ಡಬ್ಬಿಗಳು, ಇಲ್ಲವೇ ಒಡೆದ ಗಾಜಿನ ಅಗ್ಗದವು. ಅಲ್ಲೆಲ್ಲ ತನ್ನದೇ ಫೋನಿನಲ್ಲಿ ಮುಟ್ಟಿಸಿ ತೋರಿಸಿ ತೋರಿಸಿ ಅವನಿಗೆ ಸಾಕಾಗಿತ್ತು.

ಸುಂದರ ಫೋನನ್ನು ಹರಿವಾಣದಲ್ಲಿದ್ದ ಕಾರ್ಡಿಗೆ ಮುಟ್ಟಿಸಿದ. ಏನೂ ಆಗಲಿಲ್ಲ.

"ಹಿಂದಿನ ಬದಿ ಮುಟ್ಟಿಸು ಭಾವ. ಸ್ವಲ್ಪ ಮೇಲೆ. ಮೇಲೆ ಅಂದರೆ ಅಷ್ಟು ಮೇಲೆ ಅಲ್ಲ."

"ಎಂತದು, ಮಗುವಿಗೆ ದೃಷ್ಟಿ ತೆಗೆದ ಹಾಗೆ ಮಾಡಿಸ್ತಿ?"

ಹಿತ್ತಾಳೆಯ ಹರಿವಾಣದ ಮೇಲಿಟ್ಟರೆ ಚಿಪ್ಪಿಗೆ ಉಸಿರು ಕಟ್ಟುತ್ತದೆ ಎಂದು ಆಮೇಲೆ ಹೊಳೆಯಿತು. ಕಾರ್ಡನ್ನು ಎತ್ತಿ ಬೆಂಚಿನ ಮೇಲಿಟ್ಟರು. ಆಗಲಿಲ್ಲ. ಫೋನಿನ ದಪ್ಪ ಚರ್ಮದ ಕವರು ಬಿಚ್ಚಿಸಿದ. ಅದರೊಳಗಿನಿಂದ ಎಟಿಎಂ ಕಾರ್ಡು, ಓಮಾನಿನ ಹಳೆಯ ಗುರುತುಚೀಟಿ, ಮಾರಿಗುಡಿಯ ಪ್ರಸಾದದ ಪೊಟ್ಟಣ ಒಂದೊಂದಾಗಿ ಹೊರಬಿದ್ದವು. ಪ್ರಸಾದ ನೆಲಕ್ಕೆ ಬಿತ್ತೆಂದು ಸುಂದರ ಎದ್ದು ಕೈ ಮುಗಿದ. ಮತ್ತೆ ಮುಟ್ಟಿಸಿದರು. ಆಗಲಿಲ್ಲ.

"ಸೆಟ್ಟಿಂಗಿನಲ್ಲಿ ಆಫ್ ಆಗಿರ್ತದೆ. ಕೊಡು ಇಲ್ಲಿ. ಜಲಜಾ, ಈ ಕಾರ್ಡು ಹಿಡಿದುಕೋ. ಅಲುಗಾಡಿಸಬೇಡ."

ಜಲಜಾಕ್ಷಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯಲ್ಲಿ ಕಾರ್ಡು ಹಿಡಿದು ಫೋಟೋ ಸ್ಟುಡಿಯೋದಲ್ಲಿ ಕುಳಿತವಳಂತೆ ಉಸಿರು ಬಿಗಿಹಿಡಿದಳು. ಸುಂದರನ ಹೆಂಡತಿ, ಅತ್ತಿಗೆ, ಒಳಗಿನಿಂದ ಎಳೆ ಬೊಂಡದ ನೀರು ತಂದವಳು ಲೋಟ ಹಿಡಿದೇ ನಿಂತಳು. ಭಾವನೆಂಟರಿಬ್ಬರೂ ತಲೆಗೆ ತಲೆ ತಾಗಿಸಿ ಫೋನಿನ ಹೊಟ್ಟೆಯೊಳಗೆ ಹುಡುಕಿದ್ದೇ ಹುಡುಕಿದ್ದು. ಕೊನೆಗೆ "ಟುಂಯ್" ಎಂದಿತು.

ಪರದೆಯ ಮೇಲೆ ಯಶ್ಮಿತಾ ಪ್ರತ್ಯಕ್ಷಳಾದಳು. ಹಿನ್ನೆಲೆಯಲ್ಲಿ ನಾಗಸ್ವರ. "ನನ್ನ ಮತ್ತು ಅಕ್ಷಿತ್‌ರ ಮದುವೆಗೆ ನೀವೆಲ್ಲರೂ ಬರಬೇಕು" ಎಂದು ಕೈಮುಗಿದಳು. ಅತ್ತಿಗೆ "ಎಷ್ಟು ಚಂದ ಕಾಣ್ತಾಳೆ" ಎಂದಳು. ತಾರಾನಾಥ ಬೆವರು ಒರೆಸಿಕೊಂಡು, ಸಮುದ್ರಕ್ಕೆ ಸೇತುವೆ ಕಟ್ಟಿ ಮುಗಿಸಿದವನ ಹಾಗೆ ಸುತ್ತ ನೋಡಿದ. ಸುಂದರ ಮಾತ್ರ ಏನನ್ನೋ ಕಾಯುವವನಂತೆ ಇನ್ನೂ ನೆಟ್ಟಗೇ ಕುಳಿತಿದ್ದ. ಅದನ್ನು ಯಾರೂ ಗಮನಿಸಲಿಲ್ಲ. ಬೊಂಡದ ನೀರು ಕುಡಿದಾಯಿತು, "ಬರ್ತೇವೆ ಭಾವ" ಎಂದಾಯಿತು, ಕಾರು ಹೊರಟಾಯಿತು.

ಶಿರ್ವ ಪೇಟೆ ದಾಟುವಾಗ ಜಲಜಾಕ್ಷಿ ಕೇಳಿದಳು. "ಅಣ್ಣನಿಗೆ ನೀವು ಹೇಳಿದ್ದು ಯಾವಾಗ?"

"ಎಂತ ಹೇಳುವುದು?"

"ಹೇಳಿಕೆ."

ತಾರಾನಾಥ ಗೇರು ಬದಲಿಸಿದ. ಬದಲಿಸುವ ಅಗತ್ಯ ಇರಲಿಲ್ಲ. "ನೀನು ಹೇಳಲಿಲ್ವಾ?"

"ನಾನು ಅಲುಗಾಡಬಾರದು ಅಂತ ನೀವೇ ಹೇಳಿದ್ದಲ್ವಾ?"

"ವಿಡಿಯೊದಲ್ಲಿ ಯಶ್ಮಿತಾ ಹೇಳಿದಳಲ್ಲ."

"ಮಗಳನ್ನು ಹೆತ್ತದ್ದು ವಿಡಿಯೊವಾ? ಕಾರು ತಿರುಗಿಸಿ."

"ಬೆಳ್ಮಣ್ ಮುಟ್ಟಿದ ಮೇಲೆ ಒಂದು ಫೋನು ಮಾಡಿದರೆ ಆಗುವುದಿಲ್ವಾ?"

ಜಲಜಾಕ್ಷಿ ಕಾರಿನ ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟಳು, ಅಷ್ಟೇ. ತಾರಾನಾಥ ಕಾರು ತಿರುಗಿಸಿದ.

ಕಾಪುವಿನ ಜಗಲಿ ಖಾಲಿಯಾಗಿತ್ತು. ಕಾರ್ಡು ಬೆಂಚಿನ ಮೇಲೆ ಬಿಟ್ಟಲ್ಲೇ ಬಿದ್ದಿತ್ತು. ಅತ್ತಿಗೆ ಬಾಗಿಲಿಗೆ ಬಂದಳು. "ಎಂತ, ಏನಾದರೂ ಬಿಟ್ಟು ಹೋದಿರಾ?"

"ಹೌದು ಅತ್ತಿಗೆ," ಎಂದಳು ಜಲಜಾಕ್ಷಿ. "ಬಿಡಬಾರದ್ದನ್ನೇ ಬಿಟ್ಟು ಹೋದೆವು. ಅಣ್ಣ ಎಲ್ಲಿ?"

"ನೀವು ಹೋದದ್ದೇ ಪಂಚೆ ಬದಲಿಸಿ ಮಲಗಿದರು. ಊಟವೂ ಬೇಡವಂತೆ."

ಒಳಗಿನಿಂದ ಸುಂದರನ ಧ್ವನಿ ಬಂತು. "ಯಾರು ಬಂದದ್ದು?"

"ನಿಮ್ಮ ತಂಗಿ. ಭಾವನೂ ಇದ್ದಾರೆ."

"ಮೊಬೈಲನ್ನು ಅವರಿಗೆ ಕೊಟ್ಟು ಕಳಿಸು. ಮದುವೆಗೆ ಹೇಳಿದ್ದು ಅದಕ್ಕೆ. ಚಾರ್ಜು ಪೂರ್ತಿ ಉಂಟು. ಮಂಟಪಕ್ಕೆ ಹುಡುಗಿಯ ಕೈ ಹಿಡಿದು ಅದೇ ಕರೆದುಕೊಂಡು ಬರಲಿ."

ತಾರಾನಾಥನಿಗೆ ನಗು ಬಂತು, ನಕ್ಕರೆ ಕೆಟ್ಟೆ ಎಂದೂ ತಿಳಿಯಿತು. ಕೋಣೆಯ ಬಾಗಿಲಲ್ಲಿ ನಿಂತ. ಸುಂದರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕ ಮಂಚದಲ್ಲಿ ಮುದುಡಿಕೊಂಡಿದ್ದ. ತಾರಾನಾಥನ ನಗು ಅಲ್ಲೇ ಇಳಿಯಿತು.

"ಭಾವ, ತಪ್ಪಾಯ್ತು."

"ತಪ್ಪು ಎಂತದು? ಕಾಲ ಮುಂದೆ ಹೋಗಿದೆ. ನಾನು ಹಿಂದೆ ಉಳಿದೆ."

"ಹಾಗಲ್ಲ ಭಾವ. ಇದರಲ್ಲಿ ಎಂತ ವಿಶೇಷ ಅಂದರೆ, ಒಮ್ಮೆ ಮುಟ್ಟಿಸಿದರೆ ಸಾಕು, ಆ್ಯಪ್ ಬೇಡ, ಬ್ಯಾಟರಿ ಬೇಡ..."

ವಾರವಿಡೀ ಮನೆಮನೆಯಲ್ಲಿ ಅದನ್ನೇ ಹೇಳಿ ಹೇಳಿ ನಾಲಗೆ ಆ ದಾರಿಗೆ ಬಿದ್ದುಬಿಟ್ಟಿತ್ತು. ಜಲಜಾಕ್ಷಿ ಅವನ ಕಾಲಿನ ಹೆಬ್ಬೆರಳು ತುಳಿದಳು. ತಾರಾನಾಥ ಬಾಯಿ ಮುಚ್ಚಿದ. ದಿನವಿಡೀ ಗಿರಾಕಿಗಳ ಹತ್ತಿರ ನೀರು ಹರಿದ ಹಾಗೆ ಮಾತಾಡುವ ಮನುಷ್ಯ ಅಲ್ಲಿ ಕಂಬದಂತೆ ನಿಂತ.

"ಹುಡುಗಿ ಸಣ್ಣವಳಿರುವಾಗ," ಎಂದ ಕೊನೆಗೆ, "ನಿನ್ನ ಹೆಗಲಿನಿಂದ ಕೆಳಗೆ ಇಳಿದವಳಲ್ಲ. ನೀನು ಮಸ್ಕತ್ತಿಗೆ ಹೊರಟ ದಿನ ಅವಳು ಎರಡು ಹೊತ್ತು ಉಣ್ಣಲಿಲ್ಲ. ಅವಳ ಮದುವೆ ಉಂಟು ಭಾವ. ನೀನು, ಅತ್ತಿಗೆ, ಎಲ್ಲರೂ ಮುಂಚಿನ ದಿನವೇ ಬಂದು ಚಂದಗಾಣಿಸಿಕೊಡಬೇಕು. ನೀನಿಲ್ಲದೆ ನನ್ನಿಂದ ಆಗುವುದಿಲ್ಲ."

ಗೋಡೆಯ ಕಡೆ ಮಂಚ ಕಿರುಗುಟ್ಟಿತು. ಸುಂದರ ಎದ್ದು ಕುಳಿತು ಹೆಂಡತಿಗೆ ಹೇಳಿದ. "ಇಸ್ತ್ರಿಯ ಪಂಚೆ ಕೊಡು. ಹೇಳಿಕೆ ಹೇಳಲು ಬಂದವರ ಎದುರು ಲುಂಗಿಯಲ್ಲಿ ಕೂರುವುದಾ?"

"ಹೇಳಿಕೆ ಬರುವ ಮೊದಲೇ ಮದುವೆಗೆ ಶರಟು ಹೊಲಿಸಿ ಆಗಿದೆ," ಎಂದಳು ಅತ್ತಿಗೆ, ನಾದಿನಿಯ ಕಿವಿಯಲ್ಲಿ, ಮನೆಯವರಿಗೆಲ್ಲ ಕೇಳುವ ಹಾಗೆ.

ಮತ್ತೆ ಜಗಲಿ, ಮತ್ತೆ ಹರಿವಾಣ, ಮತ್ತೆ ಹೇಳಿಕೆ, ಈ ಸಲ ಕ್ರಮಪ್ರಕಾರ. ಊಟವೂ ಅಲ್ಲೇ ಆಯಿತು. ಕೈ ತೊಳೆಯುವಾಗ ಸುಂದರ ಕೇಳಿದ. "ಹೌದಾ ಭಾವ, ಬಾಕಿ ಮನೆಗಳಲ್ಲಿ ಬಾಯಿಯಲ್ಲಿ ಹೇಳಿದ್ದೀರಲ್ವಾ?"

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಅಲೆವೂರಿನಲ್ಲಿ ಚಿಪ್ಪಿನ ವಿವರಣೆ ಆಗಿತ್ತು, ಹೇಳಿಕೆ ನೆನಪಿಲ್ಲ. ಅಜೆಕಾರಿನಲ್ಲಿ ವಿವರಣೆ ಎರಡೆರಡು ಸಲ ಆಗಿತ್ತು.

"ನಾಳೆ ನಾನೂ ಬರ್ತೇನೆ," ಎಂದ ಸುಂದರ. "ನಿನ್ನ ಫೋನು ನನ್ನ ಕಿಸೆಯಲ್ಲಿ ಇರಲಿ."

ಮರುದಿನ ಬೆಳಿಗ್ಗೆ ಅಜೆಕಾರಿನ ಮೊದಲ ಮನೆ ಅಪ್ಪಿ ದೊಡ್ಡಮ್ಮನದು. ಗದ್ದೆಯ ಬದುವಿನಿಂದ ಹರಿವಾಣ ಹಿಡಿದು ಬರುವ ತಾರಾನಾಥನನ್ನು ಕಂಡದ್ದೇ ಮುದುಕಿ ಅಂಗಳ ಗುಡಿಸುತ್ತಿದ್ದ ಹಿಡಿಸೂಡಿ ಬಿಟ್ಟು ಹತ್ತಿರ ಬಂದಳು. ಅವನ ಗಲ್ಲ ಮುಟ್ಟಿ ನೋಡಿದಳು.

"ಮತ್ತೆ ಬಂದೆಯಾ ಮಗಾ? ಎಷ್ಟು ಬಡವಾಗಿದ್ದಿ. ನಿನ್ನ ಮಗಳ ಮದುವೆ ಅಂತ ಸುದ್ದಿ ಸಿಕ್ಕಿತ್ತು. ಮೊನ್ನೆ ನೀನು ಬಂದಾಗ ಹೇಳಲಿಕ್ಕೆ ಬಂದೆ ಅಂತ ಗ್ರಹಿಸಿದೆ ನಾನು. ನೀನು ನೋಡಿದರೆ ಕಾರ್ಡು ಮಾರಲಿಕ್ಕೆ ಬಂದದ್ದು. ಅಂಗಡಿಯ ಹೆಸರು ಕೂಡ ತೋರಿಸಿದೆ. ನಮ್ಮಲ್ಲಿ ಸದ್ಯಕ್ಕೆ ಮದುವೆ ಇಲ್ಲ ಅಂತ ನಾನು ಕಾರ್ಡನ್ನು ನಿನ್ನ ಹರಿವಾಣಕ್ಕೇ ವಾಪಸು ಇಟ್ಟೆ. ನೀನು ಹೋದ ಮೇಲೆ ಬೇಸರ ಆಯಿತು ಮಾರಾಯ. ಮದುವೆ ಖರ್ಚಿಗೆ ಪಾಪ ಮನೆಮನೆ ತಿರುಗುತ್ತಾನೆ, ಒಂದಾದರೂ ತಕ್ಕೊಳ್ಳಬೇಕಿತ್ತು ಅಂತ. ನೆರೆಮನೆಯವರಿಗೂ ಹೇಳಿ ಇಟ್ಟಿದ್ದೇನೆ."

ಹಿಂದೆ ನಿಂತಿದ್ದ ಸುಂದರ ಗದ್ದೆಯ ಕಡೆ ತಿರುಗಿ ಕೊಕ್ಕರೆ ನೋಡತೊಡಗಿದ. ಅವನ ಬೆನ್ನು ಅಲುಗಾಡುತ್ತಿತ್ತು. ಜಲಜಾಕ್ಷಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

ತಾರಾನಾಥ ಹರಿವಾಣವನ್ನು ದೊಡ್ಡಮ್ಮನ ಮುಂದೆ ಇಟ್ಟು, ಬಗ್ಗಿ ಅವಳ ಕಾಲು ಮುಟ್ಟಿ, ಕೈ ಮುಗಿದ. "ದೊಡ್ಡಮ್ಮ, ನಾನು ಮಾರಲಿಕ್ಕೆ ಬಂದದ್ದಲ್ಲ. ಮದುವೆಗೆ ಹೇಳಲಿಕ್ಕೆ ಬಂದದ್ದು."

"ಹೇಳು ಮಗಾ, ಬಾಯಿ ತುಂಬ ಹೇಳು," ಎಂದಳು ಮುದುಕಿ, ಸೊಂಟದ ಸಂಚಿ ಬಿಚ್ಚುತ್ತ. "ಮೊದಲು ಆ ಕಾರ್ಡು ಒಂದು ಕೊಡು. ಹೇಳಿಕೆಯ ಗಡಿಬಿಡಿಯಲ್ಲಿ ಮತ್ತೆ ನಿನ್ನ ವ್ಯಾಪಾರ ಮರೆತುಹೋದೀತು."